ಕಾದಂಬರಿಯಲ್ಲಿ ಒಳ್ಳೆಯವರು ಏನು ಮಾಡುತ್ತಿದ್ದರು?

ಮಕ್ಕಳ ಕೈಗೆ ಕಾದಂಬರಿ ಕೊಡುವ ವಿಷಯ ಬಂದಾಗ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. "ಕಥೆ, ಕಾದಂಬರಿ ಓದಿ ಏನಾಗಬೇಕು, ಪರೀಕ್ಷೆಗೆ ಓದಲಿ" ಅನ್ನುವುದು ಮೊದಲನೆಯದು. "ಓದಲಿ, ಆದರೆ ಅದರಲ್ಲಿ ಒಂದು ಸಬಕ್ ಇರಬೇಕು" ಅನ್ನುವುದು ಎರಡನೆಯದು. ಮೊದಲನೇ ಮಾತಿಗೆ ಉತ್ತರ ಹೇಳೋದು ಕಷ್ಟವಲ್ಲ. ಎರಡನೆಯದರ ಜೊತೆ ವಾದ ಮಾಡೋದು ಕಷ್ಟ, ಯಾಕಂದರೆ ಅದನ್ನು ಹೇಳುವವರು ಪುಸ್ತಕವನ್ನು ಪ್ರೀತಿಸುವವರೇ. ಹೆಚ್ಚಾಗಿ ನನ್ನಂಥ ಶಿಕ್ಷಕಿಯರೇ. ಬಿ.ಎಡ್. ಮಾಡುವಾಗ ಪಾಠ ಯೋಜನೆಯ ಹಾಳೆಯಲ್ಲಿ "ಮೌಲ್ಯ" ಅಂತ ಒಂದು ಅಂಕಣ ಇರುತ್ತಿತ್ತು. ಯಾವ ಪಾಠವೇ ಇರಲಿ, ಅದನ್ನು ತುಂಬಲೇಬೇಕು. ಪ್ರಾಮಾಣಿಕತೆ, ತ್ಯಾಗ, ಸಮಾನತೆ, ಹೀಗೆ ಒಂದು ಶಬ್ದ ಬರೆದರೆ ಸಾಕಿತ್ತು.

ಈಗ ಎಲ್ಲ ಕಡೆ "ಸಾಮಾಜಿಕ ನ್ಯಾಯ" ಆ ಅಂಕಣಕ್ಕೆ ಬಂದು ಕೂತಿದೆ. ಒಳ್ಳೆಯದೇ. ಆದರೆ ನನ್ನ ಅನುಮಾನ ಇಷ್ಟು: ನ್ಯಾಯವನ್ನು ಒಂದು ಮೌಲ್ಯವಾಗಿ, ಒಂದು ನಸೀಹತ್ ಆಗಿ ಕಲಿಸಬೇಕಾದರೆ ಅದಕ್ಕೆ ಕಾದಂಬರಿ ಬೇಕಾಗಿಲ್ಲ. ಗೋಡೆಯ ಮೇಲಿನ ಒಂದು ಭಿತ್ತಿಪತ್ರ ಸಾಕು. ಭಿತ್ತಿಪತ್ರ ಹೇಳಲಾರದ ಯಾವುದನ್ನು ಕಾದಂಬರಿ ಹೇಳುತ್ತದೆ? ಅನ್ಯಾಯ ನಡೆಯುವಾಗ ಅಲ್ಲೇ ಇದ್ದ ಒಳ್ಳೆಯ ಜನ ಏನು ಮಾಡುತ್ತಿದ್ದರು ಅನ್ನುವುದನ್ನು. ಈ ಬರಹದಲ್ಲಿ ನಿಮ್ಮ ಮುಂದೆ ಇಡಬೇಕೆಂದಿರುವುದು ಇದೊಂದೇ ಮಾತು. ಉರ್ದು, ಹಿಂದಿ, ಕನ್ನಡದ ಕೆಲವು ಕಾದಂಬರಿಗಳನ್ನು ಇಟ್ಟುಕೊಂಡು ನೋಡೋಣ. ಕೊನೆಗೆ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೊಡಲು ಹಿಂಜರಿಯುವ ಒಂದು ಕಾದಂಬರಿಯ ಹತ್ತಿರವೂ ಬರೋಣ.

ಅಕ್ಬರಿ, ಅಸ್ಗರಿ ಮತ್ತು ಮನೆಗೆಲಸದಾಕೆ

ಉರ್ದು ಓದಿದ ಮನೆಗಳಿಗೆ ಡೆಪ್ಯುಟಿ ನಜೀರ್ ಅಹ್ಮದ್ ಅವರ 'ಮಿರಾತುಲ್ ಉರೂಸ್' ಹೊಸದೇನಲ್ಲ. ವಧುವಿನ ಕನ್ನಡಿ ಅಂತ ಅದರ ಅರ್ಥ. 1869ರಲ್ಲಿ ಬಂದ ಪುಸ್ತಕ. ಉರ್ದುವಿನ ಮೊದಲ ಕಾದಂಬರಿ ಅಂತ ಬಹಳ ಜನ ಹೇಳುವುದು ಇದನ್ನೇ. ತಮ್ಮ ಹೆಣ್ಣುಮಕ್ಕಳಿಗೆ ಓದಲು ಏನೂ ಇಲ್ಲವೆಂದು ನಜೀರ್ ಅಹ್ಮದ್ ಬರೆದರು. ಆಗಿನ ಸರ್ಕಾರ ಅದಕ್ಕೆ 1,000 ರೂಪಾಯಿ ಬಹುಮಾನ ಕೊಟ್ಟಿತು.

ದೆಹಲಿಯ ಒಂದು ಮನೆತನದ ಇಬ್ಬರು ಅಕ್ಕತಂಗಿಯರ ಕಥೆ ಇದು. ಅಕ್ಕ ಅಕ್ಬರಿ ಸಿಡುಕಿ, ಸೋಮಾರಿ, ಯಾರ ಮಾತೂ ಕೇಳದವಳು. ತಂಗಿ ಅಸ್ಗರಿ ಓದುಬರಹ ಬಲ್ಲವಳು, ಲೆಕ್ಕ ಬಲ್ಲವಳು, ಗಂಡನ ಮನೆಯನ್ನು ಎತ್ತಿ ನಿಲ್ಲಿಸುವವಳು. ಅವಳು ಮನೆಯಲ್ಲೇ ಹುಡುಗಿಯರಿಗೆ ಒಂದು ಶಾಲೆಯನ್ನೂ ನಡೆಸುತ್ತಾಳೆ. 1869ರಲ್ಲಿ ಒಬ್ಬ ಮುಸ್ಲಿಂ ಲೇಖಕ ಹುಡುಗಿಯ ಕೈಗೆ ಲೆಕ್ಕದ ಪುಸ್ತಕ ಕೊಟ್ಟು, ಅವಳನ್ನು ಉಸ್ತಾನಿ ಮಾಡಿದ್ದು ಸಣ್ಣ ಮಾತಲ್ಲ. ಅದನ್ನು ಮೊದಲು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಆದರೆ ಇದು ಸಬಕ್ ಕೊಡಲೆಂದೇ ಬರೆದ ಕಾದಂಬರಿ. ಯಾರು ಸರಿ, ಯಾರು ತಪ್ಪು ಅನ್ನುವುದು ಮೊದಲಿನಿಂದಲೇ ತೀರ್ಮಾನ ಆಗಿರುತ್ತದೆ. ಅಸ್ಗರಿಯ ಗಂಡನ ಮನೆಯಲ್ಲಿ ಮಾಮಾ ಅಜ್ಮತ್ ಅಂತ ಒಬ್ಬಳು ಹಳೆಯ ಕೆಲಸದಾಕೆ ಇದ್ದಾಳೆ. ಅಂಗಡಿ ಲೆಕ್ಕದಲ್ಲಿ ಮೋಸ ಮಾಡುತ್ತಾಳೆ. ಅಸ್ಗರಿ ಜಾಣತನದಿಂದ ಅದನ್ನು ಬಯಲಿಗೆಳೆಯುತ್ತಾಳೆ, ಅಜ್ಮತ್ ಮನೆಯಿಂದ ಹೊರಬೀಳುತ್ತಾಳೆ. ಓದುವ ಹುಡುಗಿಗೆ ಇಲ್ಲಿ ಚಪ್ಪಾಳೆ ತಟ್ಟುವ ಹಾಗಾಗುತ್ತದೆ.

ನಾನು ಈ ಭಾಗವನ್ನು ಮೇಲಿನ ತರಗತಿಯ ಹುಡುಗಿಯರ ಜೊತೆ ಓದುತ್ತಿದ್ದಾಗ ಒಬ್ಬಳು ಕೇಳಿದಳು: "ಟೀಚರ್, ಇಷ್ಟು ವರ್ಷ ಆಕೆ ಆ ಮನೇಲಿ ದುಡಿದಳಲ್ಲ, ವಯಸ್ಸಾದ ಮೇಲೆ ಎಲ್ಲಿಗೆ ಹೋದಳು?" ಆ ಹುಡುಗಿಯ ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಕಾದಂಬರಿ ಅಜ್ಮತ್‌ಳ ಕಡೆ ನಿಂತು ಯೋಚಿಸುವುದೇ ಇಲ್ಲ. ಅವಳು ಇರುವುದು ಅಸ್ಗರಿಯ ಜಾಣತನ ತೋರಿಸಲಿಕ್ಕೆ. ಅವಳು ಮಾಡಿದ್ದು ಮೋಸವೇ, ಅದನ್ನು ಯಾರೂ ಸರಿ ಅನ್ನುವುದಿಲ್ಲ. ಆದರೆ ಮನೆಯ ಲೆಕ್ಕ ಸರಿಮಾಡುವುದು ಒಂದು ಕೆಲಸ, ನ್ಯಾಯ ಮಾಡುವುದು ಇನ್ನೊಂದು ಕೆಲಸ. ಸಬಕ್ ಕೊಡುವ ಕಾದಂಬರಿಯಲ್ಲಿ ಇವೆರಡೂ ಬೆರೆತುಹೋಗುತ್ತವೆ. ಒಳ್ಳೆಯವಳು ಗೆದ್ದಳು ಅಂದಮೇಲೆ ಯಾರು ಸೋತರು ಅಂತ ಕೇಳುವ ಅಗತ್ಯ ಕಾಣುವುದಿಲ್ಲ.

ಹಾಗಂತ ಈ ಪುಸ್ತಕ ಕೊಡಬೇಡಿ ಅನ್ನುತ್ತಿಲ್ಲ. ಕೊಡಿ. ಆದರೆ ಆ ಹುಡುಗಿ ಕೇಳಿದ ಪ್ರಶ್ನೆಯ ಜೊತೆಗೇ ಕೊಡಿ.

ಚೆನ್ನಾಗಿ ಮಾತಾಡುವ ರಾಯ್ ಸಾಹೇಬರು

ಉರ್ದುವಿನಲ್ಲಿ ಬರೆಯಲು ಶುರುಮಾಡಿ ಆಮೇಲೆ ಹಿಂದಿಗೆ ಬಂದ ಪ್ರೇಮಚಂದರು ನಮ್ಮ ಮಕ್ಕಳಿಗೆ ಸಾಮಾನ್ಯವಾಗಿ 'ಈದ್‌ಗಾಹ್' ಕಥೆಯಿಂದ ಗೊತ್ತು. ಪುಟ್ಟ ಹಮೀದ್ ಮೂರು ಪೈಸೆ ಇಟ್ಟುಕೊಂಡು ಹಬ್ಬದ ಸಂತೆಗೆ ಹೋಗಿ, ಆಟಿಕೆ, ಮಿಠಾಯಿ ಎಲ್ಲ ಬಿಟ್ಟು, ರೊಟ್ಟಿ ಸುಡುವಾಗ ಕೈ ಸುಟ್ಟುಕೊಳ್ಳುವ ದಾದಿಗೆ ಚಿಮಟಾ ತರುತ್ತಾನೆ. "ನೀತಿ: ಹಿರಿಯರ ಮೇಲೆ ಪ್ರೀತಿ ಮತ್ತು ತ್ಯಾಗ" ಅಂತ ಬರೆಸಿ ಪಾಠ ಮುಗಿಸುತ್ತೇವೆ. ನಾಲ್ಕೈದು ವರ್ಷದ ಮಗು ಹಬ್ಬದ ದಿನ ಯಾಕೆ ತ್ಯಾಗ ಮಾಡಬೇಕಾಯಿತು, ಅದೇ ಊರಿನ, ಅದೇ ಸಾಲಿನಲ್ಲಿ ನಮಾಜಿಗೆ ನಿಂತ ದೊಡ್ಡವರಿಗೆ ಅಮೀನಾಳ ಒಲೆ ಯಾಕೆ ಕಾಣಲಿಲ್ಲ ಅಂತ ಎಷ್ಟು ತರಗತಿಗಳಲ್ಲಿ ಕೇಳಿದ್ದೇವೆ?

ಅದೇ ಪ್ರೇಮಚಂದರ ಕೊನೆಯ ಪೂರ್ಣ ಕಾದಂಬರಿ 'ಗೋದಾನ್', 1936ರದು. ಹೋರಿ ಅನ್ನುವ ಸಣ್ಣ ರೈತನಿಗೆ ಬಾಗಿಲಲ್ಲಿ ಒಂದು ಹಸು ಕಟ್ಟಬೇಕು ಅನ್ನುವುದು ಒಂದೇ ಆಸೆ. ಹಸು ಬರುತ್ತದೆ, ಹೊಟ್ಟೆಕಿಚ್ಚಿಗೆ ಸ್ವಂತ ತಮ್ಮನೇ ಅದಕ್ಕೆ ವಿಷ ಹಾಕುತ್ತಾನೆ. ಅಲ್ಲಿಂದ ಹೋರಿಯ ಬದುಕು ಸಾಲದಿಂದ ಸಾಲಕ್ಕೆ ಇಳಿಯುತ್ತಾ ಹೋಗುತ್ತದೆ.

ಇದರ ಶುರುವಿನಲ್ಲೇ ಒಂದು ಭಾಗವಿದೆ. ಪುಸ್ತಕ ಪೂರ್ತಿ ಓದಲು ಆಗದಿದ್ದರೂ ಇದನ್ನಾದರೂ ಮಕ್ಕಳ ಜೊತೆ ಓದಿ ಅಂತ ನನ್ನ ವಿನಂತಿ. ಜಮೀನ್ದಾರ ರಾಯ್ ಸಾಹೇಬರು ಕೆಟ್ಟ ಮನುಷ್ಯರಲ್ಲ. ಸತ್ಯಾಗ್ರಹದಲ್ಲಿ ಪಾಲ್ಗೊಂಡು ಜೈಲಿಗೂ ಹೋಗಿಬಂದವರು. ಹೋರಿಯನ್ನು ಕೂರಿಸಿಕೊಂಡು ತಮ್ಮ ಜಮೀನ್ದಾರಿ ವರ್ಗದ ಬಗ್ಗೆಯೇ ಮಾತಾಡುತ್ತಾರೆ: ನಾವು ಬೇರೆಯವರ ದುಡಿಮೆಯ ಮೇಲೆ ಬದುಕುವವರು, ಈ ಬದುಕು ನಮ್ಮನ್ನೇ ಕೆಡಿಸಿದೆ, ಇದು ಹೋದರೆ ಒಳ್ಳೆಯದು ಅನ್ನುವ ಧಾಟಿಯಲ್ಲಿ. ಹೋರಿ ತಲೆದೂಗುತ್ತಾ ಕೇಳುತ್ತಾನೆ. ಅಷ್ಟರಲ್ಲಿ ಆಳು ಬಂದು, ಬಿಟ್ಟಿ ದುಡಿಮೆಗೆ ಬಂದವರು ಊಟ ಕೊಡದಿದ್ದರೆ ಕೆಲಸ ಮಾಡುವುದಿಲ್ಲ ಅನ್ನುತ್ತಿದ್ದಾರೆ ಅಂತ ಹೇಳುತ್ತಾನೆ. ರಾಯ್ ಸಾಹೇಬರ ಮುಖ ಕೆಂಪಾಗುತ್ತದೆ. ಹಿಂದೆ ಎಂದೂ ಊಟ ಕೊಡದಿದ್ದಾಗ ಈಗೇಕೆ ಅಂತ ಸಿಟ್ಟಾಗಿ ಎದ್ದು ಹೋಗುತ್ತಾರೆ.

ಇದನ್ನು ಓದಿದ ಮಕ್ಕಳು ಮೊದಲು ನಗುತ್ತಾರೆ. "ಬರೀ ಮಾತು" ಅನ್ನುತ್ತಾರೆ. ಅಷ್ಟಕ್ಕೆ ನಿಲ್ಲಿಸಬಾರದು. ರಾಯ್ ಸಾಹೇಬರು ಹೇಳಿದ್ದು ಸುಳ್ಳೇ? ಅಲ್ಲ, ಅವರು ಆಡಿದ ಪ್ರತಿಯೊಂದು ಮಾತೂ ನಿಜ. ಅವರಿಗೆ ಅನ್ಯಾಯ ಏನು ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಒಂದು ಹೊತ್ತಿನ ಊಟ ಕೊಡುವುದು ಅವರಿಂದ ಆಗುವುದಿಲ್ಲ. ಹಾಗಾದರೆ ನ್ಯಾಯ ಅನ್ನುವುದು ತಿಳಿವಳಿಕೆಯ ಪ್ರಶ್ನೆ ಮಾತ್ರ ಅಲ್ಲ. "ಸಾಮಾಜಿಕ ನ್ಯಾಯ" ಅನ್ನುವ ವಿಷಯದ ಮೇಲೆ ಹತ್ತಕ್ಕೆ ಹತ್ತು ಅಂಕ ತೆಗೆಯುವ ಹುಡುಗನೂ ರಾಯ್ ಸಾಹೇಬ ಆಗಬಹುದು. ಪ್ರಬಂಧ ಚೆನ್ನಾಗಿ ಬರೆಸುವ ಟೀಚರೂ ಆಗಬಹುದು.

ಹೋರಿಯಾದರೂ ಏನು ಕಡಿಮೆ? ಮಗ ಗೋಬರ್, ಗರ್ಭಿಣಿಯಾದ ಝುನಿಯಾಳನ್ನು ಮನೆ ಬಾಗಿಲಿಗೆ ತಂದುಬಿಟ್ಟು ಓಡಿಹೋಗುತ್ತಾನೆ. ಹೋರಿ ಮತ್ತು ಧನಿಯಾ ಅವಳನ್ನು ಹೊರಗೆ ಹಾಕುವುದಿಲ್ಲ. ಅದಕ್ಕೆ ಪಂಚಾಯಿತಿ ದಂಡ ಹಾಕುತ್ತದೆ. ಧನಿಯಾ ಪಂಚರ ಮುಂದೆ ನಿಂತು ಕೂಗಾಡುತ್ತಾಳೆ. ಹೋರಿ ಮಾತ್ರ ಹೆಂಡತಿಯ ಬಾಯಿ ಮುಚ್ಚಿಸಿ, ಮನೆಯ ಧಾನ್ಯವನ್ನು ತಾನೇ ಹೊತ್ತು ಹಾಕುತ್ತಾನೆ. ಬಿರಾದರಿ ಬಿಟ್ಟು ಬದುಕುವುದು ಅವನ ಕಲ್ಪನೆಗೇ ಬರುವುದಿಲ್ಲ. ತುಳಿಸಿಕೊಂಡವನೇ ತುಳಿಯುವ ಕಾಲನ್ನು ಗೌರವಿಸುತ್ತಾನೆ. ಇದನ್ನು ಯಾವ ಘೋಷಣೆಯೂ ಮಕ್ಕಳಿಗೆ ಅರ್ಥ ಮಾಡಿಸಲಾರದು. ಹೋರಿಯ ಜೊತೆ ಮುನ್ನೂರು ಪುಟ ನಡೆದವರಿಗೆ ಮಾತ್ರ ಅರ್ಥವಾಗುತ್ತದೆ.

ಚೋಮನ ಧಣಿ

ಕನ್ನಡಕ್ಕೆ ಬರೋಣ. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ, 'ಗೋದಾನ್'ಗಿಂತ ಮೂರು ವರ್ಷ ಮೊದಲು. ದಕ್ಷಿಣ ಕನ್ನಡದ ಜೀತದ ಆಳು ಚೋಮನಿಗೂ ಹೋರಿಯ ಹಾಗೆ ಒಂದೇ ಆಸೆ. ಹೋರಿಗೆ ಹಸು ಬೇಕು, ಇವನಿಗೆ ಉಳಲು ಒಂದು ತುಂಡು ಹೊಲ ಬೇಕು. ಎರಡು ಎತ್ತು ಇವೆ, ನೆಲ ಇಲ್ಲ. ಹುಟ್ಟಿದ ಜಾತಿಯಿಂದಾಗಿ ಬೇಸಾಯ ಮಾಡುವ ಹಕ್ಕೇ ಅವನಿಗಿಲ್ಲ.

ಧಣಿ ಸಂಕಪ್ಪಯ್ಯ ರಾಕ್ಷಸನಲ್ಲ. ಚೋಮನ ಮೇಲೆ ಅವನಿಗೆ ಮರುಕ ಇದೆ. ಆದರೆ ಅವನ ತಾಯಿ ಒಪ್ಪುವುದಿಲ್ಲ, ಊರಿನ ಕಟ್ಟಳೆ ಒಪ್ಪುವುದಿಲ್ಲ. ಧಣಿ ಆ ಕಟ್ಟಳೆಯನ್ನು ಮೀರಿ ಹೋಗುವುದಿಲ್ಲ, ಅಷ್ಟೇ. ಅವನು ಏನೂ ಮಾಡುವುದಿಲ್ಲ. ಆ "ಏನೂ ಮಾಡದಿರುವುದು" ಒಂದು ಸಂಸಾರವನ್ನು ಮುಗಿಸುತ್ತದೆ. ಕಾಫಿ ತೋಟದ ಸಾಲ ತೀರಿಸಲು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಒಬ್ಬ ಮತ ಬಿಟ್ಟು ಹೋಗುತ್ತಾನೆ. ಮಗಳು ಬೆಳ್ಳಿ ತೋಟಕ್ಕೆ ಹೋದಮೇಲೆ ಸಾಲ ತೀರುತ್ತದೆ, ಆದರೆ ಅದು ತೀರಿದ ಬಗೆಯನ್ನು ಅವಳು ಯಾರಿಗೂ ಹೇಳುವ ಹಾಗಿಲ್ಲ. ಚಿಕ್ಕ ಮಗ ನೀಲ ನೀರಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಮುಟ್ಟಬಾರದವನ ಮಗುವನ್ನು ಎತ್ತುವವರಿಲ್ಲ.

ಆ ದಡದ ಮೇಲೆ ನಿಂತವರು ಕೊಲೆಗಾರರೇ? ಮನೆಗೆ ಹೋಗಿ ತಮ್ಮ ಮಕ್ಕಳಿಗೆ ಊಟ ಹಾಕುವ ತಂದೆಯರು ಅವರು. ಅವರಲ್ಲಿ ಕೆಲವರಿಗೆ ಆ ರಾತ್ರಿ ನಿದ್ದೆಯೂ ಬಂದಿರಲಿಕ್ಕಿಲ್ಲ. ಭಿತ್ತಿಪತ್ರದಲ್ಲಿ ಅನ್ಯಾಯ ಮಾಡುವವನಿಗೆ ಕೋರೆಹಲ್ಲು ಇರುತ್ತದೆ. ಕಾದಂಬರಿಯಲ್ಲಿ ಅವನಿಗೆ ನಮ್ಮ ಮಾವನ ಮುಖ, ನಮ್ಮ ಅಕ್ಕಪಕ್ಕದವರ ಮುಖ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕಾರಂತರು ಚೋಮನನ್ನು ನೋಡಿದ್ದು ಹೊರಗಿನಿಂದ. ಓದಿ ಮುಗಿಸಿದಾಗ ನಮ್ಮಲ್ಲಿ ಉಳಿಯುವುದು ಹೆಚ್ಚಾಗಿ ಮರುಕ. ಮರುಕದಲ್ಲಿ ಒಂದು ತೊಂದರೆ ಇದೆ, ಅದು ಮರುಕ ಪಡುವವರನ್ನು ಮೇಲೆ ಕೂರಿಸುತ್ತದೆ. ಆದ್ದರಿಂದ 'ಚೋಮನ ದುಡಿ' ಓದಿದವರು ಅದರ ಬೆನ್ನಿಗೇ ದೇವನೂರ ಮಹಾದೇವರ 'ಒಡಲಾಳ' ಓದಬೇಕು. ಚಿಕ್ಕ ಪುಸ್ತಕ. ಅಲ್ಲಿ ಸಾಕವ್ವ ಅನ್ನುವ ಮುದುಕಿ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಮನೆಯ ಹುಡುಗ ಊರ ಸಾಹುಕಾರನ ಕಡಲೆಕಾಯಿ ಹೊತ್ತು ತರುತ್ತಾನೆ. ರಾತ್ರಿ ಇಡೀ ಮನೆ ಕೂತು, ಬೆಂಕಿಯ ಸುತ್ತ ಹರಟುತ್ತಾ ಅದನ್ನೆಲ್ಲ ತಿಂದು ಮುಗಿಸುತ್ತದೆ. ಆಮೇಲೆ ಪೊಲೀಸರು ಬರುತ್ತಾರೆ.

ಆ ರಾತ್ರಿಯ ಊಟ ಓದುವಾಗ ನಮಗೆ ಅಳು ಬರುವುದಿಲ್ಲ, ಅವರ ಜೊತೆ ಕೂತು ನಾವೂ ಸುಲಿದು ತಿಂದ ಹಾಗಾಗುತ್ತದೆ. ಬಡವರ ಮನೆಯಲ್ಲಿ ನಗು ಇದೆ, ಜಗಳ ಇದೆ, ಗೋಡೆಯ ಮೇಲೆ ನವಿಲು ಬರೆಯುವ ಹುಡುಗಿ ಇದ್ದಾಳೆ. ಆಮೇಲೆ ಮಕ್ಕಳನ್ನು ಕೇಳಿ: ಇಲ್ಲಿ ಕಳ್ಳರು ಯಾರು? "ಕದಿಯುವುದು ತಪ್ಪು" ಅನ್ನುವ ಸಬಕ್ ಇಲ್ಲಿ ಸಾಲುವುದಿಲ್ಲ. "ಬಡವರು ಕದ್ದರೆ ತಪ್ಪಲ್ಲ" ಅನ್ನುವುದೂ ಸಾಲುವುದಿಲ್ಲ. ಹೊಲದಲ್ಲಿ ಬೆವರು ಸುರಿಸಿದವರ ಮನೆಯಲ್ಲಿ ಕಡಲೆಕಾಯಿ ಯಾಕಿಲ್ಲ ಅನ್ನುವ ಕಡೆಗೆ ಮಾತು ಹೋಗಲೇಬೇಕಾಗುತ್ತದೆ.

ನಮ್ಮ ಮನೆಯ ಕಾದಂಬರಿ

ಇಲ್ಲಿಯವರೆಗೆ ನೀವು ನನ್ನ ಜೊತೆ ತಲೆದೂಗಿರಬಹುದು. ಹೋರಿ ಅವಧ್‌ನವನು, ಚೋಮ ತುಳುನಾಡಿನವನು, ಜಮೀನ್ದಾರ ಬೇರೆಯವನು. ದೂರದ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಇಲ್ಲಿ ಹೈದರಾಬಾದಿನ ಇಂಗ್ಲಿಷ್ ಮೀಡಿಯಂ ಮಕ್ಕಳು ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಿ, ಅಮೆರಿಕದ ಅಲಬಾಮಾದಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಆದ ಅನ್ಯಾಯಕ್ಕೆ ನಿಜವಾಗಿಯೂ ಕಣ್ಣೀರು ಹಾಕುತ್ತಾರೆ. ಮನೆಗೆ ಬಂದು ಕೆಲಸದ ಆಪಾಗೆ ಬೇರೆ ಲೋಟದಲ್ಲಿ ಚಹಾ ಕೊಡುವಾಗ ಆ ಕಣ್ಣೀರಿಗೂ ಈ ಲೋಟಕ್ಕೂ ಸಂಬಂಧ ಇದೆ ಅಂತ ಅನ್ನಿಸುವುದಿಲ್ಲ.

ಹತ್ತಿರದ ಕಾದಂಬರಿ ಬಂದಾಗ ಪರೀಕ್ಷೆ ನಮ್ಮದು. ಸಾರಾ ಅಬೂಬಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಅಂಥದ್ದು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಸಾರಾ ಅವರು 1980ರ ದಶಕದ ಆರಂಭದಲ್ಲಿ ಇದನ್ನು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬರೆದರು. ಶಾ ಬಾನೊ ತೀರ್ಪು ಬಂದು ದೇಶವೆಲ್ಲ ಗದ್ದಲ ಎದ್ದಿದ್ದು 1985ರಲ್ಲಿ. ಅಂದರೆ ಯಾರೋ ಹೊರಗಿನವರು ಪ್ರಶ್ನೆ ಎತ್ತಿದ ಮೇಲೆ ಬರೆದ ಪುಸ್ತಕ ಇದಲ್ಲ. ಮನೆಯೊಳಗಿನ ಹೆಣ್ಣುಮಗಳು ಮೊದಲೇ ಕೇಳಿದ ಪ್ರಶ್ನೆ.

ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಪ್ರೀತಿಸುವ ಗಂಡಹೆಂಡತಿ. ಒಂದು ಮಗುವೂ ಇದೆ. ನಾದಿರಾಳ ತಂದೆ ಮಹಮ್ಮದ್ ಖಾನ್‌ಗೆ ಹಣದ ವಿಷಯದಲ್ಲಿ ಅಳಿಯನ ಮೇಲೆ ಸಿಟ್ಟು ಬರುತ್ತದೆ. ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಾನೆ. ಗಂಡನಿಗೂ ಬೇಡದ, ಹೆಂಡತಿಗೂ ಬೇಡದ ತಲಾಖ್ ಆಗಿಬಿಡುತ್ತದೆ. ಮಗು ತಾಯಿಯಿಂದ ದೂರವಾಗುತ್ತದೆ. ಮತ್ತೆ ಒಂದಾಗಬೇಕೆಂದರೆ ನಾದಿರಾ ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು ಅನ್ನುತ್ತಾರೆ. ಅದನ್ನು ತಾಳಲಾರದೆ ಅವಳು ನೀರಿನ ಪಾಲಾಗುತ್ತಾಳೆ.

ಈ ಪುಸ್ತಕದ ಹೆಸರು ತೆಗೆದರೆ ನಮ್ಮವರು ಸಾಮಾನ್ಯವಾಗಿ ಹೇಳುವ ಮಾತು ಇದು: "ಈಗಲೇ ಹೊರಗಿನವರು ನಮ್ಮನ್ನು ಏನೇನೋ ಅನ್ನುತ್ತಾರೆ, ನಾವೇ ಇದನ್ನು ಮಕ್ಕಳಿಗೆ ಓದಿಸಬೇಕಾ?" ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಾಡಿಗೆ ಮನೆ ಕೇಳಲು ಹೋಗಿ ಹೆಸರು ಹೇಳಿದ ಕೂಡಲೇ "ಮನೆ ಖಾಲಿ ಇಲ್ಲ" ಅನ್ನಿಸಿಕೊಂಡವರಿಗೆ ಆ ಭಯ ಎಲ್ಲಿಂದ ಬರುತ್ತದೆ ಅಂತ ಗೊತ್ತು. ಓದುವವರಲ್ಲೂ ಒಂದು ಪಕ್ಷಪಾತ ಇದೆ. 'ಚೋಮನ ದುಡಿ' ಓದಿದರೆ "ಆಗಿನ ಸಮಾಜ ಹಾಗಿತ್ತು" ಅನ್ನುತ್ತಾರೆ. 'ಚಂದ್ರಗಿರಿಯ ತೀರದಲ್ಲಿ' ಓದಿದರೆ "ಅವರ ಧರ್ಮವೇ ಹಾಗೆ" ಅನ್ನುತ್ತಾರೆ. ಒಂದೇ ಅಳತೆಗೋಲು ಎರಡಕ್ಕೂ ಹಿಡಿಯುವುದಿಲ್ಲ.

ಹಾಗಂತ ಉತ್ತರ ಪುಸ್ತಕವನ್ನು ಬಚ್ಚಿಡುವುದಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವುದು. ನೀಲನೂ ನೀರಲ್ಲಿ ಹೋಗುತ್ತಾನೆ, ನಾದಿರಾಳೂ ನೀರಲ್ಲಿ ಹೋಗುತ್ತಾಳೆ. ಎರಡೂ ಕಡೆ ದಡದಲ್ಲಿ ಜನ ಇದ್ದಾರೆ, ಅವರ ಕೈಯಲ್ಲಿ ಒಂದು ನಿಯಮ ಇದೆ. ಮುಳುಗುವವರಿಗಿಂತ ನಿಯಮ ದೊಡ್ಡದು ಅಂತ ಅವರು ನಂಬಿದ್ದಾರೆ. ಹೀಗೆ ಓದಿದಾಗ ಹಿಂದೂ ಹುಡುಗಿಗೂ ಮುಸ್ಲಿಂ ಹುಡುಗನಿಗೂ "ಇದು ಅವರ ಸಮಸ್ಯೆ" ಅನ್ನುವ ದಾರಿ ಮುಚ್ಚುತ್ತದೆ.

ಇನ್ನು ನಮ್ಮ ನಮ್ಮಲ್ಲೇ ಆಡಿಕೊಳ್ಳಬೇಕಾದ ಮಾತು. ಮೊದಲೇ ಮಾತಾಡಿಕೊಂಡು ಏರ್ಪಾಡು ಮಾಡುವ ಹಲಾಲಾವನ್ನು ಹದೀಸ್ ಕಟುವಾಗಿ ಖಂಡಿಸಿದೆ ಅಂತ ಉಲೇಮಾಗಳೇ ಹೇಳುತ್ತಾರೆ. ಹಾಗಿದ್ದರೆ ಕಾದಂಬರಿಯಲ್ಲಿ ಅದನ್ನು ಏರ್ಪಾಡು ಮಾಡಿದವರು ಯಾರು? ಯಾವ ಶತ್ರುವೂ ಅಲ್ಲ. ಮಗಳ ಸಂಸಾರ ಮತ್ತೆ ಕೂಡಲಿ ಅಂತ ಬಯಸುವ ಮನೆಯವರು, ಊರವರು. ಗಂಡನಿಗೆ ಹೆದರಿ ಬಾಳಿದ ತಾಯಿ ಫಾತಿಮಾಗೆ ಎಲ್ಲವೂ ಅರ್ಥವಾಗುತ್ತದೆ, ಮಗಳ ಪರವಾಗಿ ಗೆಲ್ಲುವ ಬಲ ಇಲ್ಲ. ರಶೀದ್ ಒಳ್ಳೆಯವನು, ಆದರೆ ಒಳ್ಳೆಯತನ ಅವನನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ. ಮಹಮ್ಮದ್ ಖಾನ್ ಕೂಡ ಮಗಳು ಸಾಯಲಿ ಅಂತ ಬಯಸಿದವನಲ್ಲ. ತನ್ನ ಮಾತು ನಡೆಯಬೇಕು ಅಂದುಕೊಂಡ, ಅಷ್ಟೇ. ಸಂಕಪ್ಪಯ್ಯನ ಮನೆಯಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ, ಭಾಷೆ ಮತ್ತು ಹೆಸರು ಬೇರೆ.

ಸೂರಾ ಅನ್ನಿಸಾದಲ್ಲಿ (4:135) ನ್ಯಾಯದ ಪರ ಗಟ್ಟಿಯಾಗಿ ನಿಲ್ಲಿ, ಅದು ಸ್ವತಃ ನಿಮಗೆ, ನಿಮ್ಮ ತಾಯಿತಂದೆಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ ಅನ್ನುವ ಆಜ್ಞೆ ಇದೆ. ಇನ್ಸಾಫ್ ಬಗ್ಗೆ ಭಾಷಣ ಇದ್ದಲ್ಲೆಲ್ಲ ಈ ಆಯತ್ ಕೇಳುತ್ತೇವೆ. ತಾಯಿತಂದೆಗೆ ವಿರುದ್ಧವಾದ ನ್ಯಾಯ ಅಂದರೆ ಒಂದು ಮನೆಯಲ್ಲಿ, ಒಂದು ಸಂಜೆ, ಒಬ್ಬ ಅಬ್ಬಾನ ಎದುರು ಅದು ಹೇಗಿರುತ್ತದೆ? ಅದನ್ನು ನಾದಿರಾಳ ಕಥೆ ತೋರಿಸುತ್ತದೆ. ಇಂಥ ಪುಸ್ತಕ ದೀನ್‌ಗೆ ವಿರುದ್ಧ ಅಂತ ನನಗೆ ಅನ್ನಿಸುವುದಿಲ್ಲ.

ಕಾದಂಬರಿಯಿಂದ ಆಗದ ಕೆಲಸ

ಈಗ ಇನ್ನೊಂದು ಕಡೆಯಿಂದಲೂ ನೋಡಬೇಕು. ಕಾದಂಬರಿ ಓದಿದವರೆಲ್ಲ ನ್ಯಾಯವಂತರಾಗಿದ್ದರೆ ನಮ್ಮ ಸಾಹಿತ್ಯ ಪ್ರಾಧ್ಯಾಪಕರೆಲ್ಲ ಔಲಿಯಾ ಆಗಿರಬೇಕಿತ್ತು. ಪುಸ್ತಕ ಅಳಿಸುತ್ತದೆ, ಅತ್ತ ಮೇಲೆ ಮನಸ್ಸು ಹಗುರಾಗುತ್ತದೆ, ಹಗುರಾದ ಮನಸ್ಸು ಮಲಗಿಬಿಡುತ್ತದೆ. ಚೋಮನಿಗೆ ಮರುಗಿದವರೆಲ್ಲ ಸೇರಿದರೂ ಅವನಿಗೆ ಒಂದು ಗುಂಟೆ ಭೂಮಿ ಆಗಲಿಲ್ಲ.

ಆದ್ದರಿಂದ ಪುಸ್ತಕ ಮುಗಿದ ಮೇಲೆ ಒಂದು ಹೆಜ್ಜೆ ಆಚೆ ಹೋಗಬೇಕು. 'ಚೋಮನ ದುಡಿ' ಓದಿದವರಿಗೆ 1974ರ ಕರ್ನಾಟಕ ಭೂಸುಧಾರಣೆಯ ತಿದ್ದುಪಡಿ ಏನು ಅಂತ ಹೇಳಿ. ಉಳುವವನಿಗೆ ಭೂಮಿ ಅಂದಾಗ ಗೇಣಿದಾರರಿಗೆ ಸಿಕ್ಕಿತು, ಗೇಣಿಯೂ ಇಲ್ಲದೆ ಬರೀ ಆಳಾಗಿದ್ದ ಚೋಮನಂಥವರಲ್ಲಿ ಬಹುತೇಕರು ಹೊರಗೇ ಉಳಿದರು ಅಂತಲೂ ಹೇಳಿ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ, ಕಾದಂಬರಿ ಬಂದ 43 ವರ್ಷದ ನಂತರ. 'ಚಂದ್ರಗಿರಿಯ ತೀರದಲ್ಲಿ' ಓದಿದ ಹುಡುಗಿಗೆ ನಿಕಾಹ್‌ನಾಮಾ ಅಂದರೆ ಒಂದು ಕರಾರು, ಅದರಲ್ಲಿ ತನ್ನ ಷರತ್ತುಗಳನ್ನು ಬರೆಸಬಹುದು ಅಂತ ತಿಳಿಸಿ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಅಸಿಂಧು ಮಾಡಿತು ಅಂತ ತಿಳಿಸಿ. ಜೊತೆಗೆ, ನಾದಿರಾಳಂಥವರ ಮನೆಗೆ ಕೋರ್ಟು ತಲುಪುವ ಮೊದಲು ಅಬ್ಬಾನ ಮಾತು ತಲುಪಿರುತ್ತದೆ ಅನ್ನುವುದನ್ನೂ ಮುಚ್ಚಿಡಬೇಡಿ. ಕಾನೂನಿನ ಪಾಠ ಒಂದೇ ಸಾಲದು ಅನ್ನುವುದಕ್ಕೆ ಅದೇ ಕಾರಣ.

ಓದುವವರಿಗೆ ಮೂರು ಪ್ರಶ್ನೆ

ವಿದ್ಯಾರ್ಥಿಗಳೇ, ಇನ್ನು ಮುಂದಿನದು ನಿಮಗೆ. ಯಾವ ಕಾದಂಬರಿಯೇ ಇರಲಿ, "ಇದರ ನೀತಿ ಏನು?" ಅಂತ ಯಾರಾದರೂ ಕೇಳಿದರೆ, ಪರೀಕ್ಷೆಗೆ ಬೇಕಾದದ್ದು ಬರೆದುಕೊಳ್ಳಿ. ಆದರೆ ನಿಮಗೋಸ್ಕರ ಬೇರೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು: ಇದನ್ನು ಯಾರು ತಡೆಯಬಹುದಿತ್ತು? ಹೆಸರು ಹಿಡಿದು ಪಟ್ಟಿ ಮಾಡಿ. ಸಂಕಪ್ಪಯ್ಯ, ರಾಯ್ ಸಾಹೇಬರು, ಊರ ಪಂಚರು, ರಶೀದ್. ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ.

ಎರಡನೆಯದು: ತಡೆದಿದ್ದರೆ ಅವರು ಏನು ಕಳೆದುಕೊಳ್ಳುತ್ತಿದ್ದರು? ಇದು ಕಷ್ಟದ ಪ್ರಶ್ನೆ. ಉತ್ತರ ಬಹಳ ಸಲ ಪ್ರಾಣ, ಆಸ್ತಿ ಆಗಿರುವುದಿಲ್ಲ. ತಾಯಿಯ ಸಿಟ್ಟು, ಬಿರಾದರಿಯ ಮಾತು, ಒಂದು ಹೊತ್ತಿನ ಊಟದ ಖರ್ಚು ಆಗಿರುತ್ತದೆ. ಇಷ್ಟು ಕಡಿಮೆ ಬೆಲೆಗೆ ಇಷ್ಟು ದೊಡ್ಡ ಅನ್ಯಾಯ ನಡೆದುಹೋಗುತ್ತದೆ ಅಂತ ಗೊತ್ತಾದಾಗ ಯಾರಿಗಾದರೂ ಸ್ವಲ್ಪ ಹೆದರಿಕೆ ಆಗುತ್ತದೆ. ಆಗಲಿ.

ಮೂರನೆಯದು: ಈ ಪುಸ್ತಕದಲ್ಲಿ ಯಾರಿಗೆ ಮಾತಾಡಲು ಬಿಟ್ಟಿಲ್ಲ? 'ಮಿರಾತುಲ್ ಉರೂಸ್'ನಲ್ಲಿ ಅಜ್ಮತ್. ನೀವು ಮೆಚ್ಚಿದ ಪುಸ್ತಕದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಲೇಖಕರ ಮೇಲಿನ ಗೌರವ ಇಟ್ಟುಕೊಂಡೇ ಇದನ್ನು ಕೇಳಬಹುದು.

ಊರು ಬಿಟ್ಟು ಬಂದ ನಮ್ಮಂಥ ಮನೆಗಳಲ್ಲಿ ಪುಸ್ತಕ ಸಿಗುವುದೇ ಒಂದು ಸಮಸ್ಯೆ ಅಂತ ನನಗೆ ಗೊತ್ತು. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಉರ್ದು, ಕನ್ನಡ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮಕ್ಕಳು ಸುಸ್ತಾಗುತ್ತಾರೆ. ಉರ್ದುವಿನ ಹಳೆಯ ಕಾದಂಬರಿಗಳು ರೇಖ್ತಾ ತಾಣದಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಆಬಿಡ್ಸ್‌ನ ಭಾನುವಾರದ ಫುಟ್‌ಪಾತ್‌ನಲ್ಲಿ ಹಿಂದಿ, ಉರ್ದು, ಇಂಗ್ಲಿಷ್ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತವೆ. ಕನ್ನಡದವು ಬೇಕಾದರೆ ರಜೆಗೆ ಕಲಬುರಗಿಗೋ ಬೀದರಿಗೋ ರಾಯಚೂರಿಗೋ ಹೋದಾಗ ತಂದುಕೊಳ್ಳಿ. 'ಚೋಮನ ದುಡಿ', 'ಒಡಲಾಳ' ಎರಡೂ ಚೀಲದ ಒಂದು ಮೂಲೆಯಲ್ಲಿ ಹಿಡಿಸುವಷ್ಟು ಸಣ್ಣವು. ಕನ್ನಡ ಓದಲು ಬಾರದ ಮಕ್ಕಳಿಗೆ ದಿನಕ್ಕೆ ಎರಡು ಪುಟ ನೀವೇ ಓದಿ ಹೇಳಿ. ಕೇಳಿಸಿಕೊಂಡ ಕಾದಂಬರಿಯೂ ಕಾದಂಬರಿಯೇ.

ತಾಯಿತಂದೆಯರಿಗೆ ಒಂದೇ ಮಾತು. ಇಂಥ ಪುಸ್ತಕ ಓದಿದ ಮಗು ಒಂದು ದಿನ ನಿಮ್ಮನ್ನೇ ಕೇಳಬಹುದು: ಕೆಲಸದವರ ಲೋಟ ಬೇರೆ ಯಾಕೆ, ಆ ಮದುವೆಗೆ ಅಕ್ಕನ ಒಪ್ಪಿಗೆ ಕೇಳಿದ್ದಿರಾ, ಚಿಕ್ಕಪ್ಪ ಹಾಗೆ ಮಾಡಿದಾಗ ನೀವು ಅಲ್ಲೇ ಇದ್ದಿರಲ್ಲ ಅಂತ. ಅವತ್ತು "ಪುಸ್ತಕ ಓದಿ ತಲೆ ಕೆಟ್ಟಿದೆ" ಅನ್ನಬೇಡಿ. ಮಗು ಸಬಕ್ ಕಲಿತಿದೆ ಅಂತ ತಿಳಿದುಕೊಂಡು, ಕೂರಿಸಿಕೊಂಡು ಉತ್ತರ ಕೊಡಿ.